ತಲೆಯೊಳಗಿನ ಸಕ್ಕರೆ

ಕೊಬ್ಬರಿಯ ಒಂದು ಸಣ್ಣ ಚೂರು ಗಂಗಲಕ್ಷ್ಮಿಯ ದವಡೆಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಬಸ್ಸು ನೆಲಮಂಗಲ ದಾಟಿತು, ಅದು ಮಾತ್ರ ಜಾಗ ಬಿಡಲಿಲ್ಲ. ನಾಲಿಗೆಯ ತುದಿ ಅವಳ ಮಾತು ಕೇಳದೆ ಮತ್ತೆ ಮತ್ತೆ ಅಲ್ಲಿಗೇ ಹೋಗಿ ಮುಟ್ಟಿ ಬರುತ್ತಿತ್ತು. ಮುಟ್ಟಿದಾಗಲೆಲ್ಲ ಬೆಲ್ಲದ ಸಿಹಿ ಬಾಯ್ತುಂಬ ಹರಡಿದಂತಾಗಿ, ಬಸ್ಸಿನಲ್ಲಿದ್ದವರಿಗೆಲ್ಲ ಗೊತ್ತಾಗಿಬಿಟ್ಟಿತೇನೋ ಎಂದು ತುಟಿಯನ್ನು ಇನ್ನಷ್ಟು ಬಿಗಿಯುತ್ತಿದ್ದಳು. ರಾತ್ರಿ ಊಟ ಆದಮೇಲೆ ನೀರೊಂದು ಬಿಟ್ಟು ಬೇರೇನೂ ಬೇಡ, ಸಿಹಿಯಂತೂ ನಾಲಿಗೆಗೆ ತಾಕಿಸಲೇಬೇಡಿ ಎಂದು ಡಾಕ್ಟರ್ ಭಾನುಪ್ರಿಯಾ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದರು. ಮಿದುಳು ಬದುಕುವುದೇ ಸಕ್ಕರೆಯ ಮೇಲಂತೆ. ಗುರುತು ಹಾಕಿದ ಒಂದು ಥರದ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟು, ಮಿದುಳಿನ ಯಾವ ಭಾಗ ಎಷ್ಟು ತಿನ್ನುತ್ತದೆಂದು ಯಂತ್ರದಲ್ಲಿ ಚಿತ್ರ ತೆಗೆಯುತ್ತಾರಂತೆ. ವಯಸ್ಸಾದ ಹಾಗೆ ಕೆಲವು ಭಾಗ ಕಮ್ಮಿ ತಿನ್ನುತ್ತವೆ. ಮರೆವಿನ ಕಾಯಿಲೆ ಬಂದವರಲ್ಲಿ ಕೆಲವು ಭಾಗ ಊಟವನ್ನೇ ಬಿಡುತ್ತಾ ಬರುತ್ತವೆ. ಮೊದಲೇ ಹೊಟ್ಟೆಗೆ ಬೆಲ್ಲ ಬಿದ್ದರೆ ಇದ್ಯಾವುದೂ ಸರಿಯಾಗಿ ಕಾಣುವುದಿಲ್ಲ. ಇಷ್ಟನ್ನೂ ಗಂಗಲಕ್ಷ್ಮಿ ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಳು. ಆದರೂ ಬೆಳಗಿನ ಜಾವ ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಪುಟ್ಟಗಂಗಮ್ಮ, "ಬರಿಬಾಯಲ್ಲಿ ಹೊಸಿಲು ದಾಟ್ಬಾರ್ದು ಕಣೇ" ಎಂದು ಕೊಬ್ಬರಿ ಬೆಲ್ಲವನ್ನು ಬಾಯಿಯ ಹತ್ತಿರ ತಂದರು. ಗಂಗಲಕ್ಷ್ಮಿಯ ಬಾಯಿ ತಾನಾಗಿ ತೆರೆದುಕೊಂಡಿತು.

ಆ ಮನೆಯಿಂದ ಕೆಲಸದ ಮೇಲೆ ಹೊರಟ ಯಾರೂ ಬರಿಬಾಯಲ್ಲಿ ಹೋದದ್ದಿಲ್ಲ. ಪರೀಕ್ಷೆಗೆ ಹೊರಟ ಮಕ್ಕಳಿಗೆ, ತಿಪಟೂರಿನ ಸಂತೆಗೆ ಹೊರಟ ಗಂಡಸರಿಗೆ, ಒಂದು ಸಲ ಕಾಲು ಮುರಿದುಕೊಂಡು ಪಶು ಆಸ್ಪತ್ರೆಗೆ ಹೊರಟ ಕರುವಿಗೂ ಪುಟ್ಟಗಂಗಮ್ಮ ಕೊಬ್ಬರಿ ಬೆಲ್ಲ ತಿನ್ನಿಸಿಯೇ ಕಳಿಸಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಕೈ ಮುಂದೆ ಬಂದರೆ ಇವಳು ಬಾಯಿ ತೆರೆಯುವುದು, ಅಷ್ಟೆ. ಬೇಡ ಅತ್ತೆ ಎನ್ನಬಹುದಿತ್ತು. ಕೈಯಲ್ಲಿ ಇಸಿದುಕೊಂಡು ಸೆರಗಿನಲ್ಲಿ ಕಟ್ಟಿಕೊಳ್ಳಬಹುದಿತ್ತು. ಗೇಟಿನಾಚೆ ಉಗುಳಬಹುದಿತ್ತು. ಆದರೆ ಅವಳು ಅಗಿದಳು, ನುಂಗಿದಳು. ನುಂಗುವಾಗ ಗಂಟಲಿನಲ್ಲಿ ಭಯವಲ್ಲ, ಒಂದು ಥರದ ಸಮಾಧಾನ ಇಳಿದುಹೋಯಿತು. ಅದನ್ನು ಈಗ ಕಿಟಕಿಯ ಸರಳಿಗೆ ಹಣೆ ಕೊಟ್ಟು ಕೂತವಳು ತಾನೇ ಕಂಡುಹಿಡಿದು ಬೆಚ್ಚಿದಳು. ಚಿತ್ರದಲ್ಲಿ ಏನಾದರೂ ಕೆಟ್ಟದ್ದು ಕಂಡರೆ, ಅದು ಬೆಲ್ಲದ್ದು ಬುಡು, ನನ್ನದಲ್ಲ ಅಂದುಕೊಳ್ಳಬಹುದಲ್ಲ. ಅದಕ್ಕೇ ತಾನು ಬಾಯಿ ತೆರೆದದ್ದೋ? ಪಕ್ಕದಲ್ಲಿ ಅತ್ತೆ ಮುಂದಿನ ಸೀಟಿನ ಹೆಂಗಸಿನ ಜಡೆ ನೋಡುತ್ತ, "ಏನು ದಪ್ಪ ಕೂದ್ಲವ್ವಾ, ಎಣ್ಣೆ ಯಾವ್ದು?" ಎಂದು ಮಾತಿಗೆ ಎಳೆಯುತ್ತಿದ್ದರು.

ಇಷ್ಟಕ್ಕೂ ಇದೆಲ್ಲ ಶುರುವಾದದ್ದು ಹಾಲಿನ ಡೈರಿಯ ಜಗಲಿಯಲ್ಲಿ. ಬೆಂಗಳೂರಿನ ಆಸ್ಪತ್ರೆಯವರು ವಯಸ್ಸಾದವರ ಮಿದುಳಿನ ಬಗ್ಗೆ ತಿಳಿಯಲು ಊರೂರಿಗೆ ಬರುತ್ತಿದ್ದಾರೆ, ಐವತ್ತು ದಾಟಿದವರೆಲ್ಲ ಬನ್ನಿ ಎಂದಿದ್ದರು. ಗಂಗಲಕ್ಷ್ಮಿ ಹೋದದ್ದು ಅತ್ತೆಯನ್ನು ಕರೆದುಕೊಂಡು. ಅತ್ತೆಗೇ ಮರೆವು ಎಂದು ಮನೆಯಲ್ಲಿ ಅವಳು ಆಗಾಗ ಹೇಳುತ್ತಿದ್ದಳು. ಅತ್ತೆ ಅವಳಿಗೇ ಮರೆವು ಎನ್ನುತ್ತಿದ್ದರು. ಗಂಡ ರೇಣುಕಪ್ರಸಾದ್, "ನಿಮ್ಮಿಬ್ರ ಮಧ್ಯೆ ನಾನು ನನ್ನ ಹೆಸ್ರು ಮರೀದಿದ್ರೆ ಸಾಕು" ಎಂದು ಟವಲು ಕೊಡವಿ ತೋಟಕ್ಕೆ ಹೋಗಿಬಿಡುತ್ತಿದ್ದ. ಜಗಲಿಯಲ್ಲಿ ಡಾಕ್ಟರ್ ಭಾನುಪ್ರಿಯಾ ಮೂರು ಪದ ಹೇಳಿ, ಬೇರೆ ಏನೇನೋ ಮಾತಾಡಿಸಿ, ಆಮೇಲೆ ಆ ಪದ ಕೇಳಿದರು. ಪುಟ್ಟಗಂಗಮ್ಮ, "ಕೊಡ, ನವಿಲು, ಚಾಪೆ. ಇನ್ನೂ ನಾಕು ಹೇಳವ್ವ, ಅವನ್ನೂ ಇಟ್ಕೊತೀನಿ" ಎಂದರು. ಇವತ್ತು ಏನು ದಿನ ಎಂದದ್ದಕ್ಕೆ ತಿಥಿ ನಕ್ಷತ್ರ ಸಮೇತ ಒಪ್ಪಿಸಿ, "ನಿಮ್ಮ ತಾರೀಖು ನಂಗ್ಯಾಕೆ" ಎಂದು ಕೇಳಿ, ಜಗಲಿಯವರನ್ನೆಲ್ಲ ನಗಿಸಿದರು. ನೀವೂ ಕೂತ್ಕೊಳಿ ಎಂದು ಡಾಕ್ಟರ್ ಇವಳನ್ನು ಕೂರಿಸಿ ಅದೇ ಮೂರು ಪದ ಕೇಳಿದರು. ಕೊಡ ಸಿಕ್ಕಿತು. ಆಮೇಲೆ ಏನೂ ಇಲ್ಲ. ಬಾವಿಗೆ ಬಿಟ್ಟ ಹಗ್ಗ ಬರಿದೇ ಮೇಲೆ ಬಂದ ಹಾಗೆ. ಹಾಲು ಹಾಕಲು ಬಂದ ಹೆಂಗಸರು ಕ್ಯಾನು ಹಿಡಿದು ನಿಂತೇ ನೋಡುತ್ತಿದ್ದರು. ಯಾರೋ ಪಿಸುದನಿಯಲ್ಲಿ "ನವಿಲು, ನವಿಲು" ಎಂದು ಹೇಳಿಕೊಟ್ಟರು, ಮಗ್ಗಿ ತಪ್ಪಿದ ಮಗುವಿಗೆ ಹೇಳಿಕೊಟ್ಟ ಹಾಗೆ. ಆ ಕರುಣೆಯನ್ನು ಅವಳಿಗೆ ತಡೆಯಲಾಗಲಿಲ್ಲ. ಬೆಂಗಳೂರಿಗೆ ಬನ್ನಿ, ಮಿದುಳಿನ ಚಿತ್ರ ತೆಗೆದು ನೋಡೋಣ ಎಂದರು ಡಾಕ್ಟರ್. ಅವತ್ತಿನಿಂದ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನೆದು ನೆನೆದು ಎರಡು ಸಲ ಹಾಕುವುದು, ಒಲೆ ಆರಿಸಿದ್ದನ್ನು ನೋಡಲು ಹಿತ್ತಲಿನಿಂದ ವಾಪಸು ಬರುವುದು, ಬಂದವಳು ಯಾಕೆ ಬಂದೆನೆಂದು ಒಲೆಯ ಮುಂದೆ ನಿಲ್ಲುವುದು.

ಅವಳ ತಾಯಿ ಲಕ್ಷ್ಮೀದೇವಮ್ಮನಿಗೂ ಹೀಗೆಯೇ ಉಪ್ಪಿನಿಂದ ಶುರುವಾಗಿತ್ತು. ಆಮೇಲೆ ಕಾಫಿಗೆ ಮಜ್ಜಿಗೆ ಬೆರೆಸಿದಳು; ಅದಕ್ಕೆ ಎಲ್ಲರೂ ನಕ್ಕಿದ್ದರು, ಗಂಗಲಕ್ಷ್ಮಿಯೇ ಎಲ್ಲರಿಗಿಂತ ಜೋರಾಗಿ. ಕಡೆಕಡೆಗೆ ಹುಳಿಯಾರಿನ ಮನೆಯ ಪಡಸಾಲೆಯಲ್ಲಿ ಕೂತು, ತವರಿಗೆ ಬಂದ ಮಗಳನ್ನು ಮೇಲಿನಿಂದ ಕೆಳಗೆ ನೋಡಿ, "ಯಾರ ಮಗಳಮ್ಮಾ ನೀನು? ಒಳ್ಳೆ ಲಕ್ಷಣವಾಗಿದೀಯ" ಎಂದು ಕೇಳಿದ್ದಳು. ಬಸ್ಸಿಳಿದು ಬಿಸಿಲಲ್ಲಿ ನಡೆದುಬಂದವಳು, "ಯಾರ ಮಗಳೂ ಅಲ್ಲ ಬುಡಿ" ಎಂದುಬಿಟ್ಟಿದ್ದಳು. ಆ ತಾಯಿ, "ಅಯ್ಯೋ ಪಾಪ" ಎಂದು, ಯಾರ ಮಗಳೂ ಅಲ್ಲದ ಹೆಂಗಸಿಗೆ ತನ್ನ ಪಾಲಿನ ಬಾಳೆಹಣ್ಣು ಕೊಟ್ಟಿದ್ದಳು.

"ಇಳಿಯೇ, ಬಂತು" ಎಂದು ಅತ್ತೆ ತಿವಿದರು. ಬರುವುದು ಬೇಡ, ಮನೆಯಲ್ಲಿರಿ ಎಂದರೂ ಹೊರಟುಬಂದವರು ಅವರು. ಕಾಯಿ ಸುಲಿಯುವವರು ಆವತ್ತೇ ಬರುತ್ತೇವೆಂದದ್ದರಿಂದ ರೇಣುಕಪ್ರಸಾದ್ ಉಳಿಯಬೇಕಾಯಿತು. "ನಾನಿಲ್ವಾ, ನನ್ನ ಸೊಸೇನ ನಾನು ಕರ್ಕೊಂಡೋಯ್ತೀನಿ" ಎಂದು ಪುಟ್ಟಗಂಗಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟು ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡಿದ್ದರು. ಹಾಗಾಗಿ ಆಸ್ಪತ್ರೆಯ ಬಾಗಿಲಲ್ಲೇ ಗೊಂದಲ ಹತ್ತಿತು. ಕಾವಲಿನವನು ಓಡಿಬಂದು ಪುಟ್ಟಗಂಗಮ್ಮನವರಿಗೆ ಗಾಲಿಕುರ್ಚಿ ಇಟ್ಟ. ಅವರು ಒಂದು ನಿಮಿಷ ಯೋಚಿಸಿ, ಸೀರೆ ನೆರಿಗೆ ಎತ್ತಿ ಹಿಡಿದು, ಕೂತೇಬಿಟ್ಟರು. "ಅತ್ತೇ, ಅದು ಕಾಯಿಲೆಯೋರ್ಗೆ!" ಎಂದು ಗಂಗಲಕ್ಷ್ಮಿ ನಾಚಿ ಕೆಂಪಾದಳು. "ಇರ್ಲಿ ಬುಡೇ. ತೇರಿನ ಥರ ತಳ್ಕೊಂಡೋಗ್ತಾನೆ, ನಿಂಗೇನು ಕಷ್ಟ?" ಮಹಡಿಯ ಮೇಲೆ ಸಿಸ್ಟರ್ ನಿರ್ಮಲಾ ಗಾಲಿಕುರ್ಚಿಯ ಮುಂದೆ ಬಗ್ಗಿ, ಕಿವಿ ಕೇಳದವರಿಗೆ ಹೇಳುವಂತೆ, "ಅಜ್ಜೀ, ಭಯ ಪಡಬೇಡಿ, ಏನೂ ನೋವಾಗಲ್ಲ!" ಎಂದು ಕೂಗಿದರು. "ನಂಗ್ಯಾಕವ್ವ ಭಯ, ತೋರಿಸ್ಕಳೋಳು ಅವ್ಳು" ಎಂದು ಪುಟ್ಟಗಂಗಮ್ಮ ಹೆಬ್ಬೆರಳು ಹಿಂದಕ್ಕೆ ಮಾಡಿದರು. ನಿರ್ಮಲಾ ತಲೆಯೆತ್ತಿ ಗಂಗಲಕ್ಷ್ಮಿಯ ಕಪ್ಪು ಕೂದಲು, ನೆಟ್ಟಗಿನ ಬೆನ್ನು ನೋಡಿದರು. ಆ ನೋಟದಲ್ಲಿ ತಾನು ಇಲ್ಲದ ಕಾಯಿಲೆ ಹೊತ್ತುಕೊಂಡು ಬಂದ ಕಳ್ಳಿಯಂತೆಯೂ, ಇರುವ ಕಾಯಿಲೆ ಮುಚ್ಚಿಟ್ಟುಕೊಂಡ ಕಳ್ಳಿಯಂತೆಯೂ ಅವಳಿಗೆ ಒಟ್ಟಿಗೇ ಅನ್ನಿಸಿತು.

ಹೆಸರು, ವಯಸ್ಸು, ತೂಕ ಆಯಿತು. "ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?" ಎಂದು ನಿರ್ಮಲಾ ತಲೆಯೆತ್ತದೆ ಕೇಳಿದರು. ಕೊಬ್ಬರಿಯ ಚೂರು ಹಲ್ಲಿನ ಸಂದಿಯಲ್ಲೇ ಇತ್ತು. ಈಗ ಹೇಳಿದರೆ ವಾಪಸು ಕಳಿಸುತ್ತಾರೆ, ಅಷ್ಟು ದೂರದಿಂದ ಬಂದು ಬಾಯಿಚಪಲಕ್ಕೆ ಕೆಡಿಸಿಕೊಂಡಳು ಎನ್ನುತ್ತಾರೆ. ಹೇಳದಿದ್ದರೆ ಚಿತ್ರ ಸುಳ್ಳಾಗುತ್ತದೆ. ಸುಳ್ಳಾದರೆ ಏನೀಗ, ಸುಳ್ಳು ಚಿತ್ರಕ್ಕೆ ಯಾರೂ ಹೆದರಬೇಕಿಲ್ಲ. "ಇಲ್ಲ" ಎಂದಳು. ತನ್ನ ದನಿ ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. ಅಷ್ಟರಲ್ಲಿ ಡಾಕ್ಟರ್ ಭಾನುಪ್ರಿಯಾ ಒಳಗೆ ಬಂದು, "ಏನಮ್ಮಾ, ಏನೂ ತಿಂದಿಲ್ಲ ತಾನೆ? ಪಾಪ, ಹಸಿವಾಗಿರಬೇಕು" ಎಂದರು. "ತಿಂಡಿ ಎಲ್ಲಿ ತಿಂದ್ಲು," ಗಾಲಿಕುರ್ಚಿಯಿಂದ ಪುಟ್ಟಗಂಗಮ್ಮ ಮರುಕದಿಂದ ಹೇಳಿದರು, "ಹೊರಡೋವಾಗ ಒಂದು ಚೂರು ಕೊಬ್ರಿ ಬೆಲ್ಲ ಬಾಯಿಗಾಕಿದ್ದೆ, ಅಷ್ಟೇಯ. ಅದ್ರ ಮೇಲೇ ಅವ್ಳೆ ನೋಡಿ ಪಾಪ."

ನಿರ್ಮಲಾ ಪೆನ್ನು ಎತ್ತಿ ಹಿಡಿದರು. ಡಾಕ್ಟರ್ ಭಾನುಪ್ರಿಯಾ ಗಂಗಲಕ್ಷ್ಮಿಯ ಕಡೆಗೆ ತಿರುಗಿ, ಬಹಳ ಮೆಲ್ಲಗೆ, "ಮರೆತುಬಿಟ್ರಾ?" ಎಂದು ಕೇಳಿದರು. ಡೈರಿಯ ಜಗಲಿಯ ಮೇಲಿನ ಅದೇ ಕರುಣೆ. ಮರೆತೆ ಎಂದರೆ ಮರ್ಯಾದೆ ಉಳಿಯುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಅಯ್ಯೋ ಪಾಪ ಎಂದು ಬಾಳೆಹಣ್ಣು ಕೊಡುತ್ತಾರೆ. ಎಷ್ಟು ಸುಲಭ. ಹಾಗೆ ಒಂದು ಸಲ ಮರೆತೆ ಎಂದು ಒಪ್ಪಿಕೊಂಡರೆ ಆಮೇಲೆ ಎಲ್ಲಕ್ಕೂ ಅದೇ ಮೆತ್ತನೆ ಹಾಸಿಗೆ, ಎಲ್ಲರೂ ಅದರ ಮೇಲೆ ಮಲಗಿಸಿ ಹೊದಿಸುತ್ತಾರೆ. ತನ್ನ ತಾಯಿ ಮಲಗಿದ ಹಾಗೆ. ಗಂಗಲಕ್ಷ್ಮಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ, ಒಳ್ಳೆ ಒಗ್ಗರಣೆಯಂಥ ಸಿಟ್ಟು.

"ಮರ್ತಿಲ್ಲ!" ಎಂದಳು. ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು. "ಎಲ್ಲ ನೆನಪಿದೆ. ಸುಳ್ಳು ಹೇಳ್ದೆ. ಬೇಕೂಂತ್ಲೇ ಹೇಳ್ದೆ. ಕೊಬ್ಬರಿ ಎಷ್ಟಿತ್ತು, ಬೆಲ್ಲ ಯಾವ ಡಬ್ಬೀದು, ಎಲ್ಲ ಹೇಳ್ತೀನಿ ಬೇಕಾದ್ರೆ. ಇನ್ನೂ ಹಲ್ಲಲ್ಲಿ ಸಿಕ್ಕೊಂಡಿದೆ, ನೋಡಿ."

ಹೇಳಿದವಳು ನಿಜವಾಗಿಯೂ ಬಾಯಿ ತೆರೆದು ತೋರಿಸಿದಳು. ಭಾನುಪ್ರಿಯಾ ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಮೊದಲು ನಕ್ಕದ್ದು ನಿರ್ಮಲಾ. "ಇಲ್ಲಿ ಬರೋರೆಲ್ಲ ಮರ್ತೆ ಅಂತಾರಮ್ಮ," ಅವರು ಕಣ್ಣೊರೆಸಿಕೊಂಡರು, "ಸುಳ್ಳು ಹೇಳ್ದೆ ಅಂದೋರು ನೀವೇ ಮೊದಲ್ನೋರು." ಪುಟ್ಟಗಂಗಮ್ಮನವರಿಗೆ ತಾವೇನು ತಪ್ಪು ಮಾಡಿದೆವೆಂದೇ ತಿಳಿದಿರಲಿಲ್ಲ. "ತಿಂಡಿ ತಿನ್ಬಾರ್ದು ಅಂದ್ರು, ಸರಿ. ಇದು ತಿಂಡಿಯಾ? ಬಾಯಿ ಸಿಹಿ ಮಾಡೋದು. ಬರಿಬಾಯಲ್ಲಿ ಕಳಿಸೋಕೆ ನಾನೇನು ಅವಳ ಶತ್ರುವಾ?" ಎಂದು ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದರು. ಭಾನುಪ್ರಿಯಾ ಅವರ ಕೈ ತಟ್ಟಿ, ಬೆರಳ ತುದಿಯಿಂದ ರಕ್ತ ತೆಗೆದು ನೋಡೋಣ, ಸಕ್ಕರೆ ಇಳಿದಿದ್ದರೆ ಇನ್ನಷ್ಟು ಹೊತ್ತು ಕಾದು ಇವತ್ತೇ ಮಾಡಬಹುದು ಎಂದರು. ಇಳಿದಿತ್ತು. "ಆದ್ರೆ ಒಂದು ಮಾತು," ಎಂದರು ಭಾನುಪ್ರಿಯಾ, ಕುರ್ಚಿ ಹತ್ತಿರ ಎಳೆದುಕೊಂಡು, "ಚಿತ್ರ ತೆಗೆಸ್ಕೊಳ್ಳೋಕೆ ನಿಮಗೆ ಮನಸ್ಸಿದೆಯಾ? ಇಲ್ಲದಿದ್ರೆ ಯಾರೂ ಬಲವಂತ ಮಾಡಲ್ಲ. ಊಟ ಮಾಡ್ಕೊಂಡು ಊರಿಗೆ ಹೋಗಬಹುದು." ಗಂಗಲಕ್ಷ್ಮಿ ಗೋಡೆಯ ಪಕ್ಕದ ಬೇಸಿನ್ನಿಗೆ ಹೋಗಿ ನೀರು ಹಿಡಿದು ಬಾಯಿ ಮುಕ್ಕಳಿಸಿ, ಬೆರಳಿನಿಂದ ಆ ಚೂರನ್ನು ತೆಗೆದು, ತೊಳೆದು ಬಂದಳು. "ತೆಗೀರಿ" ಎಂದಳು. "ಸರಿಯಾಗೇ ತೆಗೀರಿ."

ಸೂಜಿ ಚುಚ್ಚಿದ ಮೇಲೆ ಅವಳನ್ನು ಬೆಳಕಿಲ್ಲದ ಒಂದು ಪುಟ್ಟ ಕೋಣೆಯಲ್ಲಿ ಒರಗಿಸಿದರು. "ಮಾತು ಬೇಡ, ಫೋನ್ ಬೇಡ, ನಿದ್ದೆ ಬೇಡ. ಕಣ್ಣು ಮುಚ್ಕೊಂಡು ಆರಾಮಾಗಿರಿ. ಏನೂ ಮಾಡ್ಬೇಡಿ" ಎಂದು ನಿರ್ಮಲಾ ಬಾಗಿಲೆಳೆದುಕೊಂಡರು. ಏನೂ ಮಾಡ್ಬೇಡಿ! ಮದುವೆಯಾದಾಗಿನಿಂದ ಯಾರ ಬಾಯಲ್ಲೂ ಕೇಳದ ಮಾತು. ಹಗಲು ಹೊತ್ತಿನಲ್ಲಿ ಬೆನ್ನು ಒರಗಿಸಲು ಕಡೆಗೆ ಡಾಕ್ಟರ ಅಪ್ಪಣೆಯೇ ಬೇಕಾಯಿತಲ್ಲ ಎಂದು ಕತ್ತಲೆಯಲ್ಲೇ ಅವಳಿಗೆ ನಗು ಬಂತು. ನಗಬಹುದೋ ಇಲ್ಲವೋ ಕೇಳಲಿಲ್ಲ. ಸಕ್ಕರೆ ಈಗ ಹೊರಟಿರಬೇಕು, ತೋಳಿನಿಂದ ಎದೆಗೆ, ಎದೆಯಿಂದ ಕತ್ತಿಗೆ, ಕತ್ತಿನಿಂದ ಮೇಲಕ್ಕೆ, ಇರುವೆಗಳ ಸಾಲಿನ ಹಾಗೆ. ಮೇಲೆ ಏನಿದೆಯೋ ಯಾರಿಗೆ ಗೊತ್ತು. ಅಟ್ಟದ ಮೇಲಿನ ಕಾಯಿಯಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳಬಹುದು: ಗಟ್ಟಿ ಸದ್ದಾದರೆ ಒಳಗೆ ಕೊಬ್ಬರಿ ಕೂತಿದೆ, ಮಂಕು ಸದ್ದಾದರೆ ಕೌಟು, ಕೆಟ್ಟದ್ದು. ತನ್ನ ತಲೆಯನ್ನು ತಾನೇ ಹೇಗೆ ಅಲ್ಲಾಡಿಸಿ ಕೇಳುವುದು? ಯಾವ ಮೂಲೆಗೂ ಸಕ್ಕರೆ ಹೋಗದೆ ಉಳಿದುಬಿಟ್ಟರೆ? ಏನೂ ಮಾಡಬೇಡಿ ಎಂದಿದ್ದರೂ ಅವಳ ಕೈ ಸುಮ್ಮನಿರಲಿಲ್ಲ. ಮನಸ್ಸಿನಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಡಿಸಲು ನಿಂತುಬಿಟ್ಟಳು. ಪಂಕ್ತಿಯಲ್ಲಿ ಒಂದೆಲೆಯೂ ಬಿಟ್ಟುಹೋಗಬಾರದು. ದನಗಳ ನೆನಪಿಗೊಂದು ತುತ್ತು, ಮಗಳ ಹೆರಿಗೆಯ ದಿನಕ್ಕೊಂದು, ರೇಣುಕಪ್ರಸಾದ್ ಮೀಸೆ ಬೋಳಿಸಿಕೊಂಡು ಬಂದು ಗುರುತೇ ಸಿಗದ ದಿನಕ್ಕೊಂದು, ಸಂಪಿಗೆ ಊರಿನ ದೇವಸ್ಥಾನದಲ್ಲಿ ಕಾಲುಂಗುರ ಕಳೆದು ಅತ್ತೆ ಸೊಸೆ ಇಬ್ಬರೂ ನೆಲಕ್ಕೆ ಕಣ್ಣಿಟ್ಟು ಹುಡುಕಿದ್ದಕ್ಕೊಂದು. ಬಡಿಸುತ್ತ ಬಡಿಸುತ್ತ ಸಾಲಿನ ಕೊನೆಗೆ ಬಂದರೆ ಅಲ್ಲಿ ಗೋಡೆಗೊರಗಿ ತಾಯಿ ಕೂತಿದ್ದಳು, ಎಲೆಯ ಮುಂದೆ, ಚಿಕ್ಕ ಹುಡುಗಿಯ ಹಾಗೆ ಕೈ ತೊಳೆದುಕೊಂಡು. ಯಾರ ಮಗಳಮ್ಮಾ ನೀನು, ಎಂದಳು. ನಿಮ್ಮ ಮಗಳೇ ಕಣಮ್ಮ, ಎಂದಳು ಗಂಗಲಕ್ಷ್ಮಿ, ಬಗ್ಗಿ, ಎಲೆಯ ತುಂಬ ಬಡಿಸಿ. ಓ ಹಂಗಾ, ಎಂದು ತಾಯಿ ಉಣ್ಣತೊಡಗಿದಳು. ಮುಚ್ಚಿದ ರೆಪ್ಪೆಯೊಳಗಿಂದ ನೀರು ಕಿವಿಯ ಕಡೆಗೆ ಹರಿದು ಹೋಯಿತು. ಅದರಲ್ಲಿ ಎಷ್ಟು ಸಕ್ಕರೆ ಖರ್ಚಾಯಿತೋ.

ಯಂತ್ರದ ಬಳೆಯೊಳಗೆ ತಲೆಯಿಟ್ಟು ಅಲುಗದೆ ಮಲಗಿದ್ದು ಅವಳಿಗೆ ಅಷ್ಟು ನೆನಪಿಲ್ಲ; ಅಷ್ಟು ಹೊತ್ತಿಗೆ ಮನಸ್ಸು ಊಟ ಮುಗಿದ ಪಡಸಾಲೆಯ ಹಾಗೆ ಗುಡಿಸಿ ಖಾಲಿಯಾಗಿತ್ತು. ಆಮೇಲೆ ಭಾನುಪ್ರಿಯಾ ಒಂದು ಪರದೆಯ ಮುಂದೆ ಅತ್ತೆ ಸೊಸೆ ಇಬ್ಬರನ್ನೂ ಕರೆದರು. ದೊಡ್ಡ ಡಾಕ್ಟರುಗಳು ನೋಡಿ ಬರೆದುಕೊಡುವುದು ಇನ್ನೂ ಬಾಕಿ, ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ ಎಂದು, ಕೆಂಪು ಹಳದಿ ಹೊಳೆಯುವ ಒಂದು ಹೋಳನ್ನು ತೋರಿಸಿದರು. "ಇಲ್ಲಿ, ಹಿಂದೆ, ಎರಡೂ ಪಕ್ಕ. ಮರೆವಿನ ಕಾಯಿಲೇಲಿ ಮೊದಲು ಮಂಕಾಗೋದು ಈ ಜಾಗ. ನಿಮ್ದು ನೋಡಿ, ಹೇಗೆ ಉರೀತಿದೆ." ಗಂಗಲಕ್ಷ್ಮಿ ನೋಡಿದಳು. ಮುಂಜಾವಿನಲ್ಲಿ ಯಾರೋ ಆಗಲೇ ಹೊತ್ತಿಸಿಟ್ಟ ಒಲೆಯನ್ನು ದೂರದಿಂದ ಕಂಡ ಹಾಗಾಯಿತು. "ಮತ್ತೆ ನಾನು ಮರೆಯೋದು?" ಎಂದು ಕೇಳಿದಳು. "ರಾತ್ರಿ ನಿದ್ದೆ ಹೇಗೆ?" ಎಂದು ಡಾಕ್ಟರ್ ಕೇಳಿದ್ದಕ್ಕೆ ಉತ್ತರ ಬಂದದ್ದು ಅತ್ತೆಯಿಂದ. "ನಿದ್ದೆಯಾ? ಇವ್ಳು ಎದ್ಮೇಲೆ ಕೋಳಿ ಏಳೋದು. ಮಲ್ಗೇ ಅಂದ್ರೆ ನಂದೇ ತಪ್ಪು." ಥೈರಾಯ್ಡೂ ಒಂದು ಸಲ ನೋಡಿಸೋಣ, ಮೊದಲು ಚೆನ್ನಾಗಿ ನಿದ್ದೆ ಮಾಡಿ, ಹೆದರಿಕೆಯಿಂದ್ಲೂ ಮರೆಯುತ್ತೆ ಎಂದರು ಭಾನುಪ್ರಿಯಾ. ಪುಟ್ಟಗಂಗಮ್ಮ ಕನ್ನಡಕ ಮೇಲೆ ಮಾಡಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. "ಡಾಕ್ಟ್ರೇ, ಇದ್ರಲ್ಲಿ ನನ್ನ ಬೈಕೊಳ್ಳೋ ಜಾಗ ಯಾವ್ದು?" "ಅದು ಹೀಗೆ ಕಾಣಲ್ಲ ಅಜ್ಜಿ." "ಕಾಣ್ದೆ ಏನು, ಇದೇ ಇರ್ಬೇಕು, ಎಲ್ಲಕ್ಕಿಂತ ಕೆಂಪಗೈತಲ್ಲ." ಹೊರಡುವಾಗ ನಿರ್ಮಲಾ, ಇವತ್ತೊಂದು ದಿನ ಎಳೆ ಮಕ್ಕಳು, ಬಸುರಿಯರಿಂದ ಸ್ವಲ್ಪ ದೂರ ಇರಿ, ಮೈಯಲ್ಲಿ ಔಷಧ ಇರುತ್ತೆ ಎಂದರು. "ಹಂಗಾದ್ರೆ ಮೂಲೇಲಿ ಕೂತ್ಕೋ ನಡಿ," ಅತ್ತೆ ಬೊಚ್ಚುಬಾಯಿ ತುಂಬ ನಕ್ಕರು, "ಮುಟ್ಟು ನಿಂತು ಎಷ್ಟು ಕಾಲವಾಯ್ತೋ, ಈಗ ಮತ್ತೆ ಹೊರಗೆ." ಅಂದವರು ಅವಳ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ರಸ್ತೆ ದಾಟಿಸಿ, ಎದುರಿನ ಹೋಟೆಲಿನಲ್ಲಿ ಇಡ್ಲಿ ತರಿಸಿ, ತಮ್ಮ ತಟ್ಟೆಯದನ್ನೂ ಅವಳ ತಟ್ಟೆಗೆ ದಬ್ಬಿದರು.

ವಾಪಸು ಬರುವ ಬಸ್ಸು ತುಂಬಿತ್ತು. ಕಂಡಕ್ಟರು ಹೆಗಲ ಚೀಲ ಸರಿಮಾಡಿಕೊಳ್ಳುತ್ತ ಬಂದು, ಆಧಾರ್ ಕಾರ್ಡು ನೋಡಿ, "ಎಲ್ಲಿಗಮ್ಮ?" ಎಂದ. ಗಂಗಲಕ್ಷ್ಮಿ ಬಾಯಿ ತೆರೆದಳು. ಇಳಿಯುವ ಊರಿನ ಹೆಸರಿಲ್ಲ. ಬಸ್‌ಸ್ಟ್ಯಾಂಡು ಕಾಣುತ್ತಿದೆ, ಕೊಬ್ಬರಿಯ ವಾಸನೆ ಬರುತ್ತಿದೆ, ಮಾರುಕಟ್ಟೆಯ ಚೀಲಗಳ ರಾಶಿಯಿದೆ, ಹೆಸರು ಮಾತ್ರ ಇಲ್ಲ. ಎದೆಯೊಳಗೆ ಹಳೆಯ ಭಯ ಒಂದು ಹೆಜ್ಜೆ ಮುಂದಿಟ್ಟಿತು. ಪಕ್ಕದಲ್ಲಿ ಅತ್ತೆ ಹೇಳಿಕೊಡಲು ಬಾಯಿ ತೆರೆದದ್ದು ಕಂಡು, ಅವರ ಮಂಡಿಯ ಮೇಲೆ ಕೈಯಿಟ್ಟು ತಡೆದಳು. "ಬೇಗ ಹೇಳ್ರಮ್ಮ, ಹಿಂದೆ ಜನ ಅವ್ರೆ." "ಇರಪ್ಪಾ," ಎಂದಳು, ನಿಧಾನವಾಗಿ, ಆಟಕ್ಕೆ ಹೋದ ಮಗುವಿಗಾಗಿ ಬಾಗಿಲಲ್ಲಿ ನಿಂತವಳ ಹಾಗೆ. "ಬತ್ತಾ ಐತೆ." ಕಂಡಕ್ಟರು ಏನು ಬರುತ್ತಿದೆಯೆಂದು ಕಿಟಕಿಯ ಹೊರಗೆ ನೋಡಿದ. ಪುಟ್ಟಗಂಗಮ್ಮನೂ ನೋಡಿದರು. ಅದು ಬಂತು, ಮೈಯೆಲ್ಲ ಧೂಳು ಮಾಡಿಕೊಂಡು, ಯಾವ ಅವಸರವೂ ಇಲ್ಲದೆ.

"ತಿಪಟೂರು," ಎಂದಳು ಗಂಗಲಕ್ಷ್ಮಿ. "ಎರಡು ಕೊಡಪ್ಪ."